ನನ್ನ ಹಲ್ಲೂ ನೀಲಿ ದೀಪವೂ

ಮೇಲಿನ ಮುಂಹಲ್ಲೊಂದು ಕೋಡುಬಳೆಗೆ ಬಲಿಯಾದ ದಿನ ನಾನು ಅಷ್ಟಾಗಿ ದುಃಖಪಡಲಿಲ್ಲ. ಅರುವತ್ತು ವರ್ಷ ದುಡಿದ ಹಲ್ಲು. ಒಂದು ಮೂಲೆ ಮುರಿದುಕೊಂಡರೆ ಅದರ ತಪ್ಪೇನು? ಆದರೆ ನಾನು ವ್ಯಾಕರಣದ ಮೇಷ್ಟ್ರು. ತ, ಥ, ದ, ಧ, ನ ಇವು ದಂತ್ಯಗಳೆಂದು ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದವನ ಬಾಯಲ್ಲೇ ‘ದಂತ್ಯ’ ಎಂಬ ಮಾತು ಬರಿಯ ಗಾಳಿಯಾಗಿ ಹೊರಡತೊಡಗಿತು. ಮೇಲಾಗಿ ಕಿರಿಯ ಮಗಳ ಮದುವೆಗೆ ಉಳಿದದ್ದು ತಿಂಗಳೊಪ್ಪತ್ತು. ಫೋಟೋದವನು ನಗಿ ಎನ್ನದೆ ಬಿಡುತ್ತಾನೆಯೇ?

ನಮ್ಮ ಬೀದಿಯ ತುದಿಯಲ್ಲಿರುವ ಹಲ್ಲಿನ ಡಾಕ್ಟರು ನನ್ನ ಹಳೆಯ ಶಿಷ್ಯ. ಬಣ್ಣದ ಮಾದರಿಗಳನ್ನು ನನ್ನ ಹಲ್ಲಿನ ಪಕ್ಕಕ್ಕೆ ಹಿಡಿದು, ತುಸು ಹಳದಿ ಬೆರೆತದ್ದೊಂದನ್ನು ಆರಿಸಿ, “ಇದು ಹೊಂದುತ್ತೆ ಮೇಷ್ಟ್ರೇ” ಎಂದ. ನಾನು ಕೇಳಲಿಲ್ಲ. ಎಲ್ಲಕ್ಕಿಂತ ಬೆಳ್ಳಗಿರುವುದೇ ಆಗಬೇಕೆಂದು ಹಟ ಹಿಡಿದೆ. ಗುರುವಿನ ಮಾತು ಮೀರಲಾರದೆ ಹುಡುಗ ಒಪ್ಪಿದ. ಕಣಕದಂಥ ಪದಾರ್ಥವನ್ನು ಮೆತ್ತಿ, ಕಿತ್ತಳೆ ಬಣ್ಣದ ತೆರೆ ಅಡ್ಡ ಹಿಡಿದು, ನೀಲಿ ದೀಪ ಬಿಟ್ಟ. ಇಪ್ಪತ್ತೇ ಸೆಕೆಂಡು, ನಾಲಗೆಗೆ ಕಲ್ಲು ತಾಕಿದಂತಾಯಿತು. ಮದುವೆಯಲ್ಲಿ ಧಾರಾಳವಾಗಿ ನಕ್ಕೆ.

ಆರು ತಿಂಗಳು ಕಳೆಯುವುದರೊಳಗೆ ಅಂಚು ಕಪ್ಪಾಯಿತು. ಒಂದು ಬೆಳಗ್ಗೆ ಉಪ್ಪಿಟ್ಟಿನಲ್ಲಿ ತುಂಡೇ ಸಿಕ್ಕಿತು. ಮೇಲುಗಡೆ ಗಟ್ಟಿ, ಅಡಿಗೆ ಉಗುರು ತಾಗಿಸಿದರೆ ಮೇಣದಂತೆ ಮೆತ್ತಗೆ! ಅದನ್ನು ಕಾಗದದಲ್ಲಿ ಕಟ್ಟಿಕೊಂಡು ಹೋಗಿ, ಕಾದು ಕುಳಿತಿದ್ದ ನಾಲ್ಕು ಜನರೆದುರು “ಕಲಬೆರಕೆ ಮಾಲು ತುಂಬಿ ದುಡ್ಡು ಕಿತ್ತೆಯಲ್ಲಯ್ಯ!” ಎಂದು ಕೂಗಾಡಿದೆ. ಅವನ ಮುಖ ಬಿಳಿಚಿಕೊಂಡಿತು. ಇಬ್ಬರು ಮೆಲ್ಲನೆ ಎದ್ದು ಹೋದುದನ್ನು ಕಂಡು, ಹೇಳಲು ನಾಚಿಕೆ, ನನಗೆ ಸಂತೋಷವೇ ಆಯಿತು.

ಮೈಸೂರಿನಲ್ಲಿ ಹಲ್ಲಿನ ವೈದ್ಯವನ್ನೇ ಪಾಠ ಹೇಳುವ ತಮ್ಮನ ಮಗಳು ಆ ತುಂಡನ್ನು ನೋಡಿ, ಮಾಲಿನ ಮಾತೇ ಎತ್ತಲಿಲ್ಲ. “ದೊಡ್ಡಪ್ಪ, ಯಾವ ಬಣ್ಣ ಕೇಳಿದಿರಿ? ದೀಪ ಯಾವುದು?” ಎಂದಳು.

ಅವಳು ಹೇಳಿದ್ದು ಇಷ್ಟು. ಈ ಪದಾರ್ಥ ಸಿಮೆಂಟಿನಂತೆ ತಾನಾಗಿ ಗಟ್ಟಿಯಾಗುವುದಲ್ಲ. ಅಣುಗಳು ಕೈಕೈ ಹಿಡಿದು ಸರಪಳಿಯಾಗಬೇಕು. ಆ ಕೆಲಸವನ್ನು ಶುರುಮಾಡಲು ಬೆಳಕನ್ನು ಹೀರುವ ಒಂದು ದ್ರವ್ಯ ಬೇಕು. ಸಾಮಾನ್ಯವಾಗಿ ಅದು ಕ್ಯಾಂಫರ್‌ಕ್ವಿನೋನ್, ನಮ್ಮ ಕರ್ಪೂರದ ಬಳಗದ್ದು. ಸುಮಾರು 470 ನ್ಯಾನೋಮೀಟರ್ ತರಂಗಾಂತರದ ನೀಲಿ ಬೆಳಕೆಂದರೆ ಅದಕ್ಕೆ ಪ್ರಾಣ. ಆದರೆ ಅದರ ಬಣ್ಣ ಹಳದಿ. ಹಾಗಾಗಿ ಅತಿ ಬಿಳಿಯ ಮಾಲಿಗೆ ಕೆಲವು ತಯಾರಕರು ಅದನ್ನು ಕಡಮೆ ಮಾಡಿ ಟಿಪಿಒ ಎಂಬುದನ್ನು ಸೇರಿಸುತ್ತಾರೆ. ಇದು ಹೀರುವುದು 420ಕ್ಕಿಂತ ಕೆಳಗಿನ ನೇರಿಳೆ ಬೆಳಕನ್ನು. ಹಳೆಯ ಹ್ಯಾಲೊಜೆನ್ ದೀಪ 400ರಿಂದ 500ರವರೆಗೆ ಹರಡಿಕೊಂಡು ಉರಿಯುತ್ತಿತ್ತು. ಎರಡಕ್ಕೂ ಅಷ್ಟಿಷ್ಟು ಬಡಿಸುತ್ತಿತ್ತು. ನೀಲಿಯೊಂದನ್ನೇ ಕೊಡುವ ಎಲ್‌ಇಡಿ ದೀಪದಲ್ಲಿ, ಅದೆಷ್ಟು ಪ್ರಖರವಾಗಿದ್ದರೂ, ಟಿಪಿಒ ಪಾಲಿಗೆ ಬಹುಮಟ್ಟಿಗೆ ಕತ್ತಲೆಯೇ. ನೀಲಿ ಎಲ್‌ಇಡಿ ಕಂಡುಹಿಡಿದ ಮೂವರಿಗೆ 2014ರಲ್ಲಿ ನೊಬೆಲ್ ಬಂತಲ್ಲವೆ? ಅಂಥ ದೀಪವೂ ನನ್ನ ಹಲ್ಲಿಗೆ ಒದಗಲಿಲ್ಲ!

“ಹಾಗಾದರೆ ನೇರಿಳೆಯನ್ನೇ ಬಿಟ್ಟರಾಯಿತಲ್ಲ?” ಎಂದೆ. ಅದು ಆಳಕ್ಕೆ ಇಳಿಯದಂತೆ. ಅದಕ್ಕೇ ಈಗ ಎರಡನ್ನೂ ಕೊಡುವ ದೀಪಗಳಿವೆ; ಮಾಲನ್ನೂ ಎರಡು ಮಿಲಿಮೀಟರು ಮೀರದ ಪದರಗಳಾಗಿ ಇಡುವುದು ವಾಡಿಕೆ. ಮೇಲೆ ಗಟ್ಟಿಯಾಗಿ ಕಂಡರೂ ತಳ ಬೇಯದೆ ಉಳಿಯಬಹುದು, ತವದ ಮೇಲಿನ ದಪ್ಪ ರೊಟ್ಟಿಯ ಹಾಗೆ. “ನಿಮ್ಮದಕ್ಕೆ ಇದೇ ಕಾರಣ ಅಂತ ಆಣೆ ಮಾಡಲಾರೆ. ಆದರೆ ಮೋಸ ಅಂತೂ ಕಾಣುವುದಿಲ್ಲ ದೊಡ್ಡಪ್ಪ” ಎಂದಳು.

ಆ ಬಿಳಿಯನ್ನು ಬೇಡಿದವನು ನಾನೇ. ರಾತ್ರಿ ನಿದ್ದೆ ಹತ್ತಲಿಲ್ಲ.

ಮರುವಾರ ಶಿಷ್ಯನ ಬಳಿಗೆ ಹೋದೆ. ಎದ್ದು ನಿಂತ. ಕಾದು ಕುಳಿತವರ ಎದುರೇ ತಪ್ಪು ನನ್ನದೆಂದೆ. ಆದರೆ ಅಂದು ಕೂಗು ಕೇಳಿದವರು ಯಾರೂ ಅಲ್ಲಿರಲಿಲ್ಲ. ಎದ್ದು ಹೋದ ಇಬ್ಬರು ಮತ್ತೆ ಬಂದಿಲ್ಲವಂತೆ. “ಡಬ್ಬಿಯ ಜೊತೆ ಬರುವ ಕಾಗದ ನಾನೂ ಸರಿಯಾಗಿ ಓದಬೇಕಿತ್ತು ಮೇಷ್ಟ್ರೇ” ಎಂದು ಮೆಲ್ಲಗೆ ಹೇಳಿ, ಬಣ್ಣದ ಮಾದರಿಗಳನ್ನು ತೆಗೆದ. ಈ ಸಲ ನಾನು ಅತ್ತ ನೋಡಲಿಲ್ಲ.

ಕೆಲಸ ಮುಗಿದ ಮೇಲೆ, “‘ತ’ ಅನ್ನಿ ಮೇಷ್ಟ್ರೇ” ಎಂದ. ಅಂದೆ.