ಪಾಠ ಕಲಿಯಲು ಕಡಲು ದಾಟಬೇಕು

ಮಾಲ್ದೀವ್ಸ್‌ನಲ್ಲಿ ದೋಣಿಯನ್ನು ‘ದೋನಿ’ ಎಂದೇ ಕರೆಯುತ್ತಾರೆ. ದ್ವೀಪದಿಂದ ದ್ವೀಪಕ್ಕೆ ಜನರನ್ನೂ ಸಾಮಾನನ್ನೂ ಸಾಗಿಸುವುದು ಅದೇ. ಉತ್ತರದಿಂದ ದಕ್ಷಿಣಕ್ಕೆ ಎಂಟುನೂರು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಚದುರಿದ ಸುಮಾರು 1,200 ಹವಳದ ದ್ವೀಪಗಳು. ಜನರ ಊರುಗಳಿರುವುದು 200ಕ್ಕೂ ಕಡಿಮೆ ದ್ವೀಪಗಳಲ್ಲಿ. ಎಷ್ಟೋ ಊರುಗಳಲ್ಲಿ ಕೆಲವೇ ನೂರು ಜನ, ಒಂದೇ ಶಾಲೆ.

ಕಿವಿ ಕೇಳದ, ಮಾತು ಬಾರದ ಮಗು ಇಂಥ ಊರಿನಲ್ಲಿ ಹುಟ್ಟಿದರೆ? ಅಂಥ ಮಕ್ಕಳಿಗೆ ವಿಶೇಷ ತರಗತಿ ಆರಂಭವಾದದ್ದು 1985ರಲ್ಲಿ, ರಾಜಧಾನಿ ಮಾಲೆಯ ಜಮಾಲುದ್ದೀನ್ ಶಾಲೆಯಲ್ಲಿ. 2010ರ ಕಾಯ್ದೆ ಅಂಗವಿಕಲರ ಶಿಕ್ಷಣದ ಹಕ್ಕನ್ನು ಒಪ್ಪಿತು. 2013ರ ನೀತಿ ಸಾಮಾನ್ಯ ಶಾಲೆಗಳ ಬಾಗಿಲನ್ನು ಅವರಿಗೂ ತೆರೆಯಿತು.

ಆದರೆ ಕಾಯ್ದೆ ಕಡಲು ದಾಟಿದಷ್ಟು ಸುಲಭವಾಗಿ ತಜ್ಞರು ದಾಟುವುದಿಲ್ಲ. ಒಂದಿಬ್ಬರು ಮಕ್ಕಳಿಗಾಗಿ ಪ್ರತಿ ದ್ವೀಪದಲ್ಲೂ ಮಾತಿನ ತರಬೇತುದಾರರನ್ನು ಇರಿಸುವುದು ಸಣ್ಣ ದೇಶಕ್ಕೆ ಕಷ್ಟ. ಹಾಗಾಗಿ ಮಗುವಿನ ಸಲುವಾಗಿ ಸ್ವಂತ ಮನೆ ಬಿಟ್ಟು, ಇಕ್ಕಟ್ಟಾದ ಮಾಲೆಯಲ್ಲಿ ದುಬಾರಿ ಬಾಡಿಗೆ ತೆರುವ ಕುಟುಂಬಗಳಿವೆ. ಎಷ್ಟೋ ಸಲ ತಾಯಿ ಮಗುವಿನೊಂದಿಗೆ ಅಲ್ಲಿ, ತಂದೆ ದುಡಿಮೆಗೆಂದು ಬೇರೊಂದು ದ್ವೀಪದಲ್ಲಿ.

ಊರಿನ ಶಾಲೆಯ ಶಿಕ್ಷಕಿಯೊಬ್ಬರಿಗೆ ಸರಿಯಾದ ತರಬೇತಿ ಸಿಕ್ಕರೆ ಸಾಕು, ಒಂದು ಮನೆ ಎರಡಾಗುವುದು ತಪ್ಪುತ್ತದೆ.