ದೇವನಗರಿ ಬಿಟ್ಟು ಈಶಾನ್ಯಕ್ಕೆ ಹೊರಟ ಲೈಟ್‌ಮನ್!

ಬೆಳಗಿನ ಜಾವ ಮೂರೂವರೆ ಗಂಟೆ. ಬ್ಯಾಂಕಾಕಿನ ಲಾಟ್ ಪ್ರಾವ್ ಕಡೆಯ ಒಂದು ಸಂದಿ. ಪಿಕಪ್ ವ್ಯಾನಿನ ಮೇಲೆ ಒಂದು ಫ್ರಿಜ್ಜು, ಎರಡು ಫ್ಯಾನು, ಸುತ್ತಿಟ್ಟ ಹಾಸಿಗೆ, ಮಗುವಿನ ಮೂರು ಚಕ್ರದ ಸೈಕಲ್ಲು. ಎಲ್ಲದರ ಮೇಲೂ ಬಿಗಿದು ಕಟ್ಟಿದ ನೀಲಿ ಟಾರ್ಪಾಲು. ಹಿಂದಿನ ಸೀಟಿನಲ್ಲಿ ಅನ್ನದ ಕುಕ್ಕರನ್ನು ತೊಡೆಯ ಮೇಲಿಟ್ಟುಕೊಂಡು ತೂಕಡಿಸುತ್ತಾ ಕೂತಿದ್ದವನು ನಿಮ್ಮ ಈ ಬಡಪಾಯಿ ಬರಹಗಾರ!

‘ಇವನ್ಯಾಕಪ್ಪಾ ಅಲ್ಲಿಗೆ ಹೋದ?’ ಅಂತ ಕೇಳ್ತೀರಿ. ಹೇಳ್ತೀನಿ, ಕೇಳಿ.

2024ರ ನವೆಂಬರ್. ನಮ್ಮವರದೇ ಒಂದು ಯೂನಿಟ್ಟು ಎರಡು ಹಾಡಿನ ಷೂಟಿಂಗಿಗೆ ಥಾಯ್ಲೆಂಡಿಗೆ ಹೊರಟಿತ್ತು. 1978ರಲ್ಲಿ ವಿಷ್ಣು-ದ್ವಾರಕೀಶ್ ಜೋಡಿಯ ‘ಸಿಂಗಾಪೂರಿನಲ್ಲಿ ರಾಜಾಕುಳ್ಳ’ ಬಂದಾಗ ವಿಮಾನ ಹತ್ತಿ ಷೂಟಿಂಗ್ ಮಾಡೋದು ಅಂದರೆ ಊರೆಲ್ಲಾ ಸುದ್ದಿ. ಈಗ ಹಾಗಲ್ಲ. ಸೆಟ್ ಹಾಕುವ ಖರ್ಚಿಗಿಂತ ಪಟ್ಟಾಯದ ಕಡಲೇ ಅಗ್ಗ ಅನ್ನುವ ಲೆಕ್ಕಾಚಾರ ಗಾಂಧಿನಗರದಲ್ಲಿದೆ. ಪ್ರಚಾರದ ಬರವಣಿಗೆಗೆಂದು ನನ್ನನ್ನೂ ಕರೆದೊಯ್ದರು. ಹಾಡು ಮುಗಿಯಿತು, ನಾಯಕ-ನಾಯಕಿ ಹಾರಿಹೋದರು, ನನ್ನ ಬಾಕಿ ಹಣ ಮಾತ್ರ ‘ಬೆಂಗಳೂರಿಗೆ ಬನ್ನಿ ನೋಡೋಣ’ ಎಂದಾಯಿತು. ವಾಪಸು ಟಿಕೆಟ್ಟಿಗೆ ಇನ್ನೂ ಹನ್ನೊಂದು ದಿನ. ಜೇಬು ಖಾಲಿ. ಆಗ ಕೈಹಿಡಿದವನು ಆ ಯೂನಿಟ್ಟಿಗೆ ಅಲ್ಲಿಯ ಲೈಟ್ ಹಿಡಿದ ಮನುಷ್ಯ.

ಅವನನ್ನು ನಾನು ‘ಪೀ’ ಅಂತಲೇ ಕರೆಯುತ್ತಿದ್ದೆ. ಥಾಯ್ ಭಾಷೆಯಲ್ಲಿ ‘ಪೀ’ ಅಂದ್ರೆ ಅಣ್ಣ. ರಾಗ ಇಳಿಸಿ ಹೇಳಬೇಕು. ಏರಿಸಿ ಹೇಳಿದಿರೋ, ಅದೇ ಮಾತು ದೆವ್ವ ಆಗುತ್ತೆ! ಮೊದಲ ಮೂರು ದಿನ ನಾನು ಇಡೀ ಸೆಟ್ಟಿನ ಮುಂದೆ ‘ಏ ದೆವ್ವಾ, ಲೈಟ್ ಈ ಕಡೆ ತಿರುಗಿಸು’ ಅಂತ ಕೂಗಿದ್ದೆನಂತೆ. ಆತ ನಗುತ್ತಲೇ ತಿರುಗಿಸಿದ್ದ. 2013ರಲ್ಲಿ ಅಲ್ಲಿಯ ಗಲ್ಲಾಪೆಟ್ಟಿಗೆಯ ದಾಖಲೆ ಮುರಿದ ‘ಪೀ ಮಾಕ್’ ದೆವ್ವದ ಕಥೆಯೇ ಆದರೂ ಹೆಸರಿನಲ್ಲಿರುವ ಪೀ ಅಣ್ಣನೇ. ನನ್ನಂಥವರು ಎಷ್ಟು ಜನ ಎಡವಿದ್ದಾರೋ!

ಪೀಗೆ ಮೂವತ್ತೊಂಬತ್ತು. ಹುಟ್ಟಿ ಬೆಳೆದದ್ದು ಬ್ಯಾಂಕಾಕಿನಲ್ಲೇ. ಹೆಂಡತಿ ಮಾತ್ರ ಈಸಾನಿನವಳು. ಹೋಟೆಲೊಂದರ ಸ್ವಾಗತದ ಮೇಜಿನಲ್ಲಿ ಕೆಲಸ ಮಾಡುತ್ತಿದ್ದವಳು, ಇಂಗ್ಲಿಷ್ ಚೆನ್ನಾಗಿ ಬಲ್ಲಳು. ನಮ್ಮಿಬ್ಬರ ನಡುವಿನ ದುಭಾಷಿ ಆಕೆಯೇ. ಆಕೆಯ ತಾಯಿಗೆ ಲಕ್ವ ಹೊಡೆದಿತ್ತು. ನೋಡಿಕೊಳ್ಳುವವರಿಲ್ಲ. ಆದ್ದರಿಂದ ಗಂಡ-ಹೆಂಡಿರು, ಆರು ವರ್ಷದ ಮಗಳು, ಗಂಟುಮೂಟೆ ಸಮೇತ 450 ಕಿಲೋಮೀಟರ್ ದೂರದ ಖೊನ್ ಕೇನ್‌ಗೆ ಹೊರಟಿದ್ದರು. ಬಾಡಿಗೆ ರೂಮು ಖಾಲಿ. ‘ನೀನೂ ಬಾ, ಅಲ್ಲಿ ಊಟಕ್ಕೆ ದುಡ್ಡು ಬೇಕಿಲ್ಲ’ ಅಂದ. ಹೊರಟೇ ಬಿಟ್ಟೆ.

ಎಲ್ಲ ಸಾಮಾನೂ ಬಂತು, ಒಂದನ್ನು ಬಿಟ್ಟು. ಪೀಯ ಸ್ವಂತದ್ದೊಂದು ಎರಡು ಕಿಲೋವ್ಯಾಟಿನ ಲೈಟಿತ್ತು. ಸಾಲ ಮಾಡಿ ಕೊಂಡದ್ದು. ಅದನ್ನು ಬ್ಯಾಂಕಾಕಿನಲ್ಲೇ ಗೆಳೆಯನೊಬ್ಬನ ಬಳಿ ಬಿಟ್ಟಿದ್ದ. ಯಾಕೆ ಅಂದೆ. ‘ಹದಿನೈದು ದಿನಕ್ಕೊಮ್ಮೆ ಷೂಟಿಂಗಿಗೆ ಬರ್ತೀನಲ್ಲ’ ಅಂದ. ಹೆಂಡತಿ ಕಿಟಕಿಯಾಚೆ ನೋಡುತ್ತಾ ಅದನ್ನು ಕನ್ನಡಿಸಲಿಲ್ಲ, ಅಂದರೆ ಇಂಗ್ಲಿಷಿಸಲಿಲ್ಲ! ಆಮೇಲೆ ಅವನೇ ಕೈಸನ್ನೆಯಲ್ಲಿ ತಿಳಿಸಿದ.

ಬ್ಯಾಂಕಾಕನ್ನು ಅಲ್ಲಿಯವರು ಕ್ರುಂಗ್ ಥೇಪ್ ಅನ್ನುತ್ತಾರೆ. ಥೇಪ್ ಅಂದರೆ ನಮ್ಮ ‘ದೇವ’ನೇ. ದೇವರ ಊರು. ಆ ದೇವನಗರಿಯಲ್ಲಿ ಹನ್ನೆರಡು ವರ್ಷ ಒಂದೇ ಸಂದಿಯಲ್ಲಿದ್ದರೂ ಎದುರು ಮನೆಯವನಿಗೆ ಪೀಯ ಹೆಸರು ಗೊತ್ತಿರಲಿಲ್ಲ. ಅಲ್ಲಿ ಸಿನಿಮಾ ಕೂಲಿಯನ್ನು ‘ಕ್ಯೂ’ ಲೆಕ್ಕದಲ್ಲಿ ಕೊಡುತ್ತಾರೆ. ಒಂದು ಕ್ಯೂ ಕಾಗದದ ಮೇಲೆ ಹನ್ನೆರಡು ಗಂಟೆ, ಮೈಮೇಲೆ ಹದಿನಾರು ಅಂತ ಅವನ ಮಾತು. ಹೊರಡುವ ಹಿಂದಿನ ಸಂಜೆ ನನ್ನನ್ನು ಸಯಾಮ್ ಚೌಕಕ್ಕೆ ಕರೆದೊಯ್ದು, ಸ್ಕಾಲಾ ಚಿತ್ರಮಂದಿರ ಇದ್ದ ಜಾಗ ತೋರಿಸಿದ. 1969ರ ಕೊನೆಯ ದಿನ ತೆರೆದ ಮಹಲು, 2020ರ ಜುಲೈ 5ರಂದು ಕೊನೆಯ ಆಟ, ಮರುವರ್ಷ ನೆಲಸಮ. ಪೀ ಮದುವೆಗೆ ಮುಂಚೆ ಹೆಂಡತಿಯನ್ನು ಕರೆದೊಯ್ದದ್ದು ಅಲ್ಲಿಗೇ. ನಮ್ಮ ಕಪಾಲಿ ಹೋದಾಗ ಮೆಜೆಸ್ಟಿಕ್ಕಿನಲ್ಲಿ ನಿಂತು ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ.

ಬೆಟ್ಟ ಹತ್ತಿದರೆ ಬೇರೆ ನಾಡು

ಸರಬುರಿ ದಾಟಿದ ಮೇಲೆ ಮಿತ್ರಫಾಪ್ ಹೆದ್ದಾರಿ. ‘ಮಿತ್ರಭಾವ’ ಎಂದೇ ಅರ್ಥ! ಅಮೆರಿಕದವರ ನೆರವಿನಲ್ಲಿ ಹಾಕಿದ ರಸ್ತೆ, ಮೊದಲ ಭಾಗ 1958ರಲ್ಲಿ ಮುಗಿಯಿತು. ಪಾಕ್ ಚೋಂಗ್ ಬಳಿ ಬೆಟ್ಟ ಹತ್ತಿ, ಲಂ ತಖೋಂಗ್ ಅಣೆಕಟ್ಟಿನ ನೀರು ಹೊಳೆಯತೊಡಗಿದರೆ ಪ್ರಸ್ಥಭೂಮಿ ಶುರು. ಅದೇ ಈಸಾನ್. ನಮ್ಮ ‘ಈಶಾನ್ಯ’ವೇ ಸ್ವಾಮೀ, ದಿಕ್ಕೂ ಅದೇ! ಇಪ್ಪತ್ತು ಪ್ರಾಂತಗಳು, ದೇಶದ ಮೂರನೇ ಒಂದು ಪಾಲು ನೆಲ, ಹೆಚ್ಚುಕಡಿಮೆ ಅಷ್ಟೇ ಪಾಲು ಜನ. ಮಾತು ಲಾವೋಸಿನವರ ಮಾತಿಗೆ ಹತ್ತಿರ. ಬ್ಯಾಂಕಾಕಿನ ಟ್ಯಾಕ್ಸಿ ಓಡಿಸುವವರು, ಕಟ್ಟಡ ಕಟ್ಟುವವರು, ಮನೆಗೆಲಸದವರು ಅಂದರೆ ಬಹುಪಾಲು ಈ ಕಡೆಯವರೇ. ಹಳೆಯ ಥಾಯ್ ಚಿತ್ರಗಳಲ್ಲಿ ಈಸಾನಿನ ಮಾತಾಡುವವನು ಎಂದರೆ ಕಾಮಿಡಿಯನ್ ಇಲ್ಲವೇ ಆಳು. ನಮ್ಮಲ್ಲಿ ಉತ್ತರ ಕರ್ನಾಟಕದ ಮಾತನ್ನು ನಗಿಸೋದಕ್ಕೇ ಇಟ್ಟ ಕಾಲವಿತ್ತಲ್ಲ, ಹಾಗೆ.

ಪೀ ಕೂಡ ಹೆಂಡತಿಯ ಮಾತನ್ನು ಅಣಕಿಸಿಯೇ ಹನ್ನೊಂದು ವರ್ಷ ಸಂಸಾರ ಮಾಡಿದವನು. ಈಗ ಆ ಮಾತಿನ ಊರಿಗೇ ಹೊರಟಿದ್ದಾನೆ.

ಅಣೆಕಟ್ಟಿನ ದಂಡೆಯಲ್ಲಿ ಗಾಡಿ ನಿಲ್ಲಿಸಿ ಸುಟ್ಟ ಕೋಳಿ, ಅಂಟಕ್ಕಿ ಅನ್ನ ತಿಂದೆವು. ನನಗೂ ಊರು ನೆನಪಾಯಿತು. ಪಿಯುಸಿ ಅರ್ಧಕ್ಕೆ ಬಿಟ್ಟು ಅರಸೀಕೆರೆಯಿಂದ ಬೆಂಗಳೂರು ಬಸ್ ಹತ್ತಿದವನು ನಾನು. ಅಮ್ಮ ಫೋನು ಮಾಡಿದಾಗಲೆಲ್ಲ ‘ಬಂದುಬಿಡೋ, ಫೋಟೋ ಸ್ಟುಡಿಯೋ ಇಟ್ಕೋ’ ಅಂತಾಳೆ. ‘ನೋಡೋಣಮ್ಮ’ ಅಂತೀನಿ. ಎಂಟು ವರ್ಷದಿಂದ ನೋಡ್ತಾನೇ ಇದ್ದೀನಿ.

ಡೈನೋಸಾರ್ ಊರು

ಖೊನ್ ಕೇನ್ ಹಳ್ಳಿಯಲ್ಲ, ದಾರಿ ತಪ್ಪಿಸಿಕೊಳ್ಳಬೇಡಿ. 1964ರಲ್ಲಿ ಶುರುವಾದ ದೊಡ್ಡ ವಿಶ್ವವಿದ್ಯಾಲಯ, ಮಾಲುಗಳು, ಮಲ್ಟಿಪ್ಲೆಕ್ಸುಗಳು, ಕಂಬದ ಮೇಲೆ ನಿಂತ ಹೊಸ ರೈಲ್ವೆ ಸ್ಟೇಷನ್ನು ಎಲ್ಲಾ ಇದೆ. ಹತ್ತಿರದ ಫು ವಿಯಾಂಗಿನಲ್ಲಿ ಡೈನೋಸಾರ್ ಮೂಳೆ ಸಿಕ್ಕವು ಅಂತ ಊರಿನ ತುಂಬ ಡೈನೋಸಾರ್ ಬೊಂಬೆಗಳು! ಬುವೆಂಗ್ ಕೇನ್ ನಖೊನ್ ಎಂಬ ಕೆರೆ, ದಂಡೆಯ ಮೇಲೆ ಒಂಬತ್ತು ಅಂತಸ್ತಿನ ಬೌದ್ಧ ಗುಡಿ. ಸಂಜೆ ಊರೆಲ್ಲಾ ಆ ಕೆರೆಯ ಸುತ್ತ ನಡೆಯುತ್ತೆ.

ಕೆರೆಯ ಹಿಂದಿನ ಬೀದಿಯಲ್ಲಿ ಹೆಂಡತಿಯ ಅಕ್ಕನ ಅಂಗಡಿಮನೆ. ಮಹಡಿಯ ಮೇಲೆ ಇವರ ಸಂಸಾರ. ಬ್ಯಾಂಕಾಕಿನಲ್ಲಿ 6,500 ಬಾತ್ ಬಾಡಿಗೆ, ಇಲ್ಲಿ ಸೊನ್ನೆ. ಆದರೆ ಅದಕ್ಕೆ ಬೇರೆ ಬೆಲೆ ಇದೆಯಲ್ಲ! ಮೂರನೇ ದಿನಕ್ಕೆ ಐಸ್ ಕಾಫಿ ಮಾರುವ ಹೆಂಗಸಿಗೆ ಪೀಯ ಸಂಬಳ, ಸಾಲ, ಅತ್ತೆಯ ಬಿ.ಪಿ. ಎಲ್ಲಾ ಗೊತ್ತು. ‘ಯಾವಾಗ ಬಂದೆ, ಕೆಲಸ ಸಿಕ್ತಾ, ಎರಡನೇ ಮಗು ಯಾವಾಗ’ ಅಂತ ಹಾದಿಯಲ್ಲಿ ಹೋಗುವವರೆಲ್ಲ ಕೇಳೋರೇ. ಇಂಥ ಊರುಗಳಲ್ಲಿ ಪ್ರೀತಿ ಜಾಸ್ತಿ ಅಂತ ಬರೆಯೋದು ಸುಲಭ. ಪೀ ಮಾತ್ರ ನಾಲ್ಕನೇ ದಿನದಿಂದ ಹಿಂಬಾಗಿಲಿಂದ ಓಡಾಡತೊಡಗಿದ. ಪ್ಲಾ ರಾ ಎಂಬ ಕೊಳೆಸಿದ ಮೀನಿನ ರಸ ಹಾಕಿದ ಪಪ್ಪಾಯಿ ಕೋಸಂಬರಿ ಕಂಡರೂ ಮೂಗು ಮುಚ್ಚುತ್ತಿದ್ದ. ನನಗೆ ಹಿಡಿಸಿತು!

ಕೆಲಸದ್ದೇ ಚಿಂತೆ. ಖೊನ್ ಕೇನ್ ‘ಮೋ ಲಾಂ’ ಮೇಳಗಳ ದೊಡ್ಡ ನೆಲೆ. ನಮ್ಮ ಯಕ್ಷಗಾನದ ಹಾಗೆ ಮಳೆಗಾಲ ಮುಗಿದ ಮೇಲೆ ಹೊರಟರೆ ಊರೂರು ಸುತ್ತಿ ಬೆಳತನಕ ಆಟ. ಹಾಡು, ಕುಣಿತ, ಕಥೆ, ಹಾಸ್ಯ, ನೂರಾರು ಜನ ಕಲಾವಿದರು, ಕಣ್ಣು ಕೋರೈಸುವ ರಂಗಸ್ಥಳ. ಅಂಥ ಒಂದು ಮೇಳದ ಲೈಟಿಂಗ್ ವಿಭಾಗಕ್ಕೆ ಪೀ ಹೋದ. ಜೊತೆಗೆ ನಾನೂ. ಅಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗನಿಗೆ ಇಪ್ಪತ್ತೆರಡು ವರ್ಷ. ಬೆರಳು ಒತ್ತಿದರೆ ಎಂಬತ್ತು ಲೈಟು ಒಟ್ಟಿಗೆ ತಿರುಗುತ್ತವೆ. ಪೀ ಕಲಿತದ್ದು ನಾಯಕಿಯ ಕೆನ್ನೆಯ ಮೇಲೆ ನೆರಳು ಎಲ್ಲಿ ಬೀಳಬೇಕು ಅನ್ನೋದು. ಆ ವಿದ್ಯೆ ಅಲ್ಲಿ ಯಾರಿಗೂ ಬೇಡ. ‘ಕೇಬಲ್ ಎಳೆಯೋಕೆ ಬರ್ತೀಯಾ?’ ಅಂದರು. ಕೂಲಿ ಬ್ಯಾಂಕಾಕಿನ ಅರ್ಧಕ್ಕೂ ಕಮ್ಮಿ. ಹೊರಗೆ ಬಂದು ಪೀ ಎರಡು ಸಿಗರೇಟು ಸೇದಿದ, ಮಾತಾಡಲಿಲ್ಲ.

ಆದರೂ ಈ ಊರನ್ನು ಸಿನಿಮಾದವರು ಹಗುರವಾಗಿ ಎಣಿಸುವಂತಿಲ್ಲ. 2010ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಗೆದ್ದ ಅಪಿಚಾಟ್‌ಪೋಂಗ್ ವೀರಸೇತಕುಲ್ ಬೆಳೆದದ್ದು ಇಲ್ಲಿ, ವಾಸ್ತುಶಿಲ್ಪ ಓದಿದ್ದೂ ಇಲ್ಲಿಯ ವಿಶ್ವವಿದ್ಯಾಲಯದಲ್ಲೇ. ಅವರ ಚಿತ್ರ ನಿಧಾನ. ವಿಷಲ್ ಹೊಡೆಯುವ ಮಂದಿಗೆ ನಿದ್ದೆ ಬಂದೀತು, ಮುಂಚೆಯೇ ಹೇಳಿರ್ತೀನಿ. ನಿಮಗೆ ಬೇಕಾದವರು ಇನ್ನೊಬ್ಬರು: ಫೈಟ್ ಮಾಸ್ಟರ್ ಪನ್ನಾ ರಿಟ್ಟಿಕ್ರೈ! ಈ ಪ್ರಾಂತದವರೇ. 1980ರ ದಶಕದಲ್ಲಿ ಖೊನ್ ಕೇನ್‌ನಲ್ಲಿ ಹುಡುಗರನ್ನು ಕೂಡಿಸಿ ಸ್ಟಂಟ್ ತಂಡ ಕಟ್ಟಿ, ಕೈಯಲ್ಲಿದ್ದಷ್ಟು ಕಾಸಿನಲ್ಲಿ ಹೊಡೆದಾಟದ ಚಿತ್ರ ತೆಗೆದರು. ಆ ಚಿತ್ರಗಳು ಮೆರೆದದ್ದು ಬಯಲಿನಲ್ಲಿ, ಹಳ್ಳಿಯ ಪರದೆಗಳ ಮೇಲೆ. ಸುರಿನ್ ಪ್ರಾಂತದ ಆನೆ ಸಾಕುವವರ ಮಗನೊಬ್ಬ ಅವನ್ನು ನೋಡಿ ಹುಚ್ಚಾಗಿ ಇವರ ಶಿಷ್ಯನಾದ. ಅವನೇ ಟೋನಿ ಜಾ. 2003ರ ‘ಓಂಗ್ ಬಾಕ್’ ಇಬ್ಬರನ್ನೂ ಜಗತ್ತಿಗೇ ತೋರಿಸಿತು. ಪನ್ನಾ 2014ರ ಜುಲೈ 20ರಂದು ತೀರಿಕೊಂಡರು.

ಇನ್ನೊಂದು ಮಾತು. ನಮ್ಮಲ್ಲಿ ಬಿ.ಕೆ.ಟಿ., ಮೈಸೂರು-ಮಂಡ್ಯ-ಹಾಸನ-ಕೊಡಗು ಅಂತ ಏರಿಯಾ ಲೆಕ್ಕದಲ್ಲಿ ಚಿತ್ರ ಮಾರುತ್ತಾರಲ್ಲ, ಅಲ್ಲೂ ಹಾಗೇ ‘ಸಾಯ್ ನಂಗ್’ ಅಂತ ಪ್ರಾಂತವಾರು ಹಂಚಿಕೆ. ಬ್ಯಾಂಕಾಕ್ ಮೂಗು ಮುರಿದ ಚಿತ್ರ ಈಸಾನಿನಲ್ಲಿ ಗೆದ್ದದ್ದುಂಟು. 2023ರಲ್ಲಿ ಹೆಣ ಸುಡುವವನ ಕಥೆಯ ‘ಸಪ್ಪರೆ’, ಈಸಾನ್ ಮಾತಿನಲ್ಲೇ ತೆಗೆದದ್ದು, 70 ಕೋಟಿ ಬಾತ್ ದಾಟಿತು. ಆಮೇಲೆ ಆ ಮಾತನ್ನು ಕಾಮಿಡಿ ಅನ್ನೋ ಧೈರ್ಯ ಯಾರಿಗಿದೆ?

ದೇವರಿಗೆ ಹರಕೆಯ ಸಿನಿಮಾ

ಒಂಬತ್ತನೇ ದಿನ ಅತ್ತೆ ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಟ್ಟಳು. ಮನೆಯಲ್ಲಿ ಗದ್ದಲವೋ ಗದ್ದಲ! ಆಗ ಗೊತ್ತಾದದ್ದು: ಪೀಯ ಹೆಂಡತಿ ಹಳ್ಳಿಯ ಕಾವಲು ದೈವಕ್ಕೆ ಹರಕೆ ಹೊತ್ತಿದ್ದಳು, ‘ಅಮ್ಮ ನಡೆದರೆ ಸಿನಿಮಾ ತೋರಿಸ್ತೀನಿ’ ಅಂತ. ದೈವಕ್ಕೆ ಸಿನಿಮಾ! ನಗಬೇಡಿ. ಥಾಯ್ಲೆಂಡಿನಲ್ಲಿ ಇದು ಮಾಮೂಲು. ಜನ ಒಬ್ಬರೂ ಬಾರದಿದ್ದರೂ ಗುಡಿಯ ಕಡೆಗೆ ಪರದೆ ಕಟ್ಟಿ ಚಿತ್ರ ಪೂರ್ತಿ ಓಡಿಸುತ್ತಾರೆ. ಬಯಲು ಸಿನಿಮಾಕ್ಕೆ ಅವರು ‘ನಂಗ್ ಕ್ಲಾಂಗ್ ಪ್ಲೇಂಗ್’ ಅನ್ನುತ್ತಾರೆ. ನಂಗ್ ಎಂದರೆ ತೊಗಲು. ತೊಗಲುಗೊಂಬೆಯಿಂದ ಬಂದ ಹೆಸರು ಸಿನಿಮಾಕ್ಕೂ ನಿಂತಿತು.

ಮರಗಳ ತೋಪಿನ ನಡುವೆ ‘ಪೂ ತಾ’ ದೈವದ ಪುಟ್ಟ ಗೂಡು, ನಮ್ಮ ದೇವರಕಾಡಿನ ಹಾಗೆ. ಎದುರಿಗೆ ಗದ್ದೆ ಕೊಯ್ದ ಬಯಲು. ಪರದೆಯವನ ವ್ಯಾನಿನಲ್ಲಿ ಮಿತ್ರ್ ಚೈಬಂಚಾ ಫೋಟೋ. ಅರವತ್ತರ ದಶಕದ ಸೂಪರ್ ಸ್ಟಾರ್. 1970ರ ಅಕ್ಟೋಬರ್ 8ರಂದು ಷೂಟಿಂಗಿನಲ್ಲಿ ಹೆಲಿಕಾಪ್ಟರಿನ ಏಣಿಯಿಂದ ಬಿದ್ದು ಸತ್ತ. ಆ ಕಾಲದ 16 ಎಂ.ಎಂ. ಚಿತ್ರಗಳಿಗೆ ಧ್ವನಿಯೇ ಇರಲಿಲ್ಲ. ಮೈಕು ಹಿಡಿದು ಕೂತವರೇ ನಾಯಕ, ನಾಯಕಿ, ಖಳ ಎಲ್ಲರ ಮಾತನ್ನೂ ಸ್ಥಳದಲ್ಲೇ ಆಡಬೇಕು. ಪರದೆಯವನ ಅಪ್ಪ ಅಂಥ ಮಾತುಗಾರನಂತೆ.

ಹಾಕಿದ ಚಿತ್ರ ‘ಓಂಗ್ ಬಾಕ್’. ನೋಡಿದವರಿಗೆ ಗೊತ್ತು: ಈಸಾನಿನ ಹಳ್ಳಿಯ ಬುದ್ಧನ ತಲೆ ಕದ್ದು ಬ್ಯಾಂಕಾಕಿಗೆ ಒಯ್ದಿರುತ್ತಾರೆ, ನಾಯಕ ತರಲು ಹೋಗುತ್ತಾನೆ. ಅಲ್ಲಿ ಅದೇ ಹಳ್ಳಿಯ ಹುಡುಗನೊಬ್ಬ ಕೂದಲಿಗೆ ಬಣ್ಣ ಹಚ್ಚಿ, ಹೆಸರನ್ನು ಜಾರ್ಜ್ ಅಂತ ಬದಲಿಸಿಕೊಂಡು, ಊರಿನವರೇ ಗೊತ್ತಿಲ್ಲ ಅನ್ನುತ್ತಾನೆ. ಆ ಪಾತ್ರ ಮಾಡಿದ ಪೆಚ್‌ತಾಯ್ ಸ್ವತಃ ಈಸಾನಿನವ. ಜನ ಬಿದ್ದೂ ಬಿದ್ದೂ ನಗುತ್ತಿದ್ದರು. ಪೀ ನಗಲಿಲ್ಲ, ಕಣ್ಣು ಕಿತ್ತು ನೋಡುತ್ತಿದ್ದ.

ಅರ್ಧಕ್ಕೆ ಜನರೇಟರ್ ನಿಂತಿತು. ಕಗ್ಗತ್ತಲು, ಮಕ್ಕಳ ಕೂಗು. ಪೀ ಎದ್ದು ಹೋದ. ಟಾರ್ಚನ್ನು ಹಲ್ಲಲ್ಲಿ ಕಚ್ಚಿ ಹತ್ತೇ ನಿಮಿಷ, ತಂತಿ ಬಿಚ್ಚಿ ಕಟ್ಟಿ ಮತ್ತೆ ಬೆಳಕು ತಂದ. ಅಷ್ಟೇ ಅಲ್ಲ, ಜನ ಕೂರುವ ಕಡೆಯ ಬಲ್ಬು ಪರದೆಗೆ ಹೊಡೆಯುತ್ತಿತ್ತು, ಅದನ್ನೂ ತಿರುಗಿಸಿ ಬಾಳೆಲೆ ಅಡ್ಡ ಕಟ್ಟಿದ. ಪರದೆಯವನು ಬಂದು ಏನೋ ಕೇಳಿದ. ಹೆಂಡತಿ ನನಗೆ ಹೇಳಿದಳು: ಹರಕೆಯ ಸೀಸನ್ನು ಮುಗಿಯೋತನಕ ಜೊತೆಗೆ ಬರ್ತೀಯಾ, ಆಟಕ್ಕೆ ಇಷ್ಟು ಅಂತ ಕೊಡ್ತೀನಿ ಅಂತಿದಾನೆ. ಕೇಬಲ್ ಎಳೆಯುವ ಕೂಲಿಗಿಂತ ಅದೇನೂ ಹೆಚ್ಚಲ್ಲ. ಪೀ ಯೋಚಿಸ್ತೀನಿ ಅಂದ.

ಮರುರಾತ್ರಿ ನನ್ನ ಬಸ್ಸು. ಖೊನ್ ಕೇನ್ ಬಸ್‌ಸ್ಟಾಂಡಿನಲ್ಲಿ ಮಗಳು ನನ್ನ ಕೈಗೆ ಅಂಟಕ್ಕಿಯ ಬುಟ್ಟಿ ಕೊಟ್ಟಳು. ಪೀ ಸಿಗರೇಟಿನ ಪ್ಯಾಕು ಹರಿದು ಅದರ ಮೇಲೆ ನಾಲ್ಕು ಸಾಲು ಗೀಚಿ, ಬ್ಯಾಂಕಾಕಿನ ಗೆಳೆಯನಿಗೆ ಕೊಡು ಅಂದ. ಏನು ಬರೆದಿದ್ದಾನೆ ಅಂತ ಹೆಂಡತಿಯನ್ನು ಕೇಳಿದೆ. ಈ ಸಲ ಪೂರ್ತಿ ಹೇಳಿದಳು: ‘ಲೈಟನ್ನು ರಾತ್ರಿ ಬಸ್ಸಿಗೆ ಹಾಕಿಬಿಡು. ಗಾಜಿಗೆ ಹಳೇ ಬಟ್ಟೆ ಸುತ್ತು. ಬಸ್ ಚಾರ್ಜು ಇಲ್ಲಿ ಕೊಡ್ತೀನಿ.’

ಬೆಳಿಗ್ಗೆ ಮೋ ಚಿಟ್ ಬಸ್ ನಿಲ್ದಾಣಕ್ಕೆ ಆ ಗೆಳೆಯ ಬಂದ. ಚೀಟಿ ಓದಿ, ನನ್ನ ಮುಖ ನೋಡಿ, ‘ವಾಪಸು ಬರಲ್ವಾ?’ ಅಂತ ಕೈ ಆಡಿಸಿದ. ಬ್ಯಾಂಕಾಕಿನವರು ಇಲ್ಲ ಅನ್ನೋದಕ್ಕೆ ‘ಮೈ’ ಅನ್ನುತ್ತಾರೆ. ನನ್ನ ಬಾಯಿಗೆ ಬಂದದ್ದು ಈಸಾನಿನ ಮಾತು.

‘ಬೋ’ ಅಂದೆ.

ಆತನೂ ಅದೇ ಕಡೆಯವನಿರಬೇಕು. ಗೊಳ್ಳನೆ ನಕ್ಕು, ನನ್ನ ರಾಗ ತಿದ್ದಿದ.