ಹಾಡಿನ ಹುಲ್ಲುಗಾವಲು

ವಿಜ್ಞಾನದ ಮೇಷ್ಟರು ಕೇಂಬ್ರಿಜ್‌ಗೆ ಹೋದರೆ ಕ್ಯಾವೆಂಡಿಷ್ ಪ್ರಯೋಗಾಲಯಕ್ಕೆ ಕೈಮುಗಿಯಬೇಕು. ನಾನೂ ಮುಗಿದೆ. ಜೆ.ಜೆ. ಥಾಮ್ಸನ್ 1897ರಲ್ಲಿ ಎಲೆಕ್ಟ್ರಾನ್ ಕಂಡುಹಿಡಿದ ಹಳೆಯ ಕಟ್ಟಡದ ಮುಂದೆ ಹತ್ತು ನಿಮಿಷ ನಿಂತದ್ದಾಯಿತು. ಆದರೆ 2018ರ ಜೂನಿನಲ್ಲಿ, ಅಲ್ಲಿ ಓದುತ್ತಿದ್ದ ಮಗಳ ನೆಪ ಮಾಡಿಕೊಂಡು ನಾನು ಹೋದದ್ದು ಒಂದು ಹುಲ್ಲುಗಾವಲು ನೋಡಲು!

ಬಿ.ಎಸ್ಸಿ. ಓದುವಾಗ ಹಾಸ್ಟೆಲಿನ ರೂಂಮೇಟ್ ಬಳಿ ಪಿಂಕ್ ಫ್ಲಾಯ್ಡ್ ತಂಡದ ಕ್ಯಾಸೆಟ್ಟುಗಳಿದ್ದವು. ಎಲ್ಲರೂ 1973ರ 'ಡಾರ್ಕ್ ಸೈಡ್ ಆಫ್ ದಿ ಮೂನ್' ಕೇಳಿದರೆ, ಅವನು ನನ್ನನ್ನು ಅದಕ್ಕೂ ಹಿಂದಕ್ಕೆ ಎಳೆದೊಯ್ದ. ಯುರೇನಸ್ಸಿಗೆ ಒಬೆರಾನ್, ಮಿರಾಂಡ, ಟೈಟಾನಿಯ ಎಂಬ ಚಂದ್ರರಿದ್ದಾರೆಂದು ನಾನು ಕಲಿತದ್ದು ಪಠ್ಯಪುಸ್ತಕದಿಂದಲ್ಲ. 1967ರ ಮೊದಲ ಆಲ್ಬಮ್ಮಿನಲ್ಲಿ ಸಿಡ್ ಬ್ಯಾರೆಟ್ ಬರೆದ ಹಾಡಿನಿಂದ.

ಸಿಡ್, ರೋಜರ್ ವಾಟರ್ಸ್, ಡೇವಿಡ್ ಗಿಲ್ಮೋರ್ ಮೂವರೂ ಕೇಂಬ್ರಿಜ್‌ನಲ್ಲಿ ಬೆಳೆದವರು. ಊರಿನಿಂದ ಗ್ರಾಂಚೆಸ್ಟರ್ ಹಳ್ಳಿಯತ್ತ ಹರಡಿದ ಹುಲ್ಲುಗಾವಲಿನ ಮೇಲೆ ವಾಟರ್ಸ್ ಕಟ್ಟಿದ ಹಾಡು 1969ರ 'ಉಮ್ಮಗುಮ್ಮ'ದಲ್ಲಿದೆ. ಡ್ರಮ್ಮಿಲ್ಲ, ಗಿಟಾರು, ಹಿಂದೆ ಸ್ಕೈಲಾರ್ಕ್ ಹಕ್ಕಿಯ ಉಲಿ, ಅಷ್ಟೆ. ಕೊನೆಗೆ ನೊಣವೊಂದು ಗುಂಯ್‌ಗುಡುತ್ತದೆ, ಯಾರೋ ದಡದಡ ಬರುತ್ತಾರೆ, ಫಟ್! ಮೊದಲ ಸಲ ಕೇಳಿದ ರಾತ್ರಿ ನಾನು ರೂಮಿನಲ್ಲೆಲ್ಲ ನೊಣ ಹುಡುಕಿದ್ದೆ. ಅವನು ಮಂಚದ ಮೇಲೆ ಹೊರಳಾಡಿ ನಕ್ಕಿದ್ದ.

ಕ್ಯಾಮ್ ನದಿಯ ದಂಡೆಗುಂಟ ಸುಮಾರು ಮೂರು ಕಿಲೋಮೀಟರ್ ನಡಿಗೆ. ಬೆಟ್ಟವಿಲ್ಲ, ಜಲಪಾತವಿಲ್ಲ. ನಮ್ಮ ಗೋಮಾಳದಂತೆ ದನ ಮೇಯುತ್ತಿದ್ದವು. ನೀರು ಹರಿಯುತ್ತಿದೆಯೋ ನಿಂತಿದೆಯೋ ತಿಳಿಯದು. ಇದಕ್ಕೇನಪ್ಪ ಇಷ್ಟು ದೂರ ಬಂದಿರಿ ಎಂಬಂತೆ ಮಗಳು ನೋಡಿದಳು.

ಸಿಡ್‌ನ ಮನಸ್ಸಿನ ಹದ ತಪ್ಪಿದಾಗ, 1968ರ ಆರಂಭದಲ್ಲಿ ಒಂದು ದಿನ, ಕಾರ್ಯಕ್ರಮಕ್ಕೆ ಹೊರಟ ಗೆಳೆಯರು ಅವನನ್ನು ಕರೆದೊಯ್ಯಲೇ ಇಲ್ಲ. ಏಪ್ರಿಲ್‌ನಲ್ಲಿ ಅಧಿಕೃತವಾಗಿ ಹೊರಗಾದ. ಮುಂದೆ ಇದೇ ಊರಿಗೆ ಮರಳಿ, ಚಿತ್ರ ಬರೆಯುತ್ತ, ಯಾರ ಕಣ್ಣಿಗೂ ಬೀಳದೆ ಬದುಕಿ, 2006ರಲ್ಲಿ ತೀರಿಕೊಂಡ.

ನನ್ನ ರೂಂಮೇಟ್ ಕೂಡ ಕೊನೆಯ ವರ್ಷ ಊಟ ಬಿಟ್ಟ, ಮಾತು ಬಿಟ್ಟ. ಅವನ ತಂದೆ ಬಂದು ಟ್ರಂಕಿನ ಸಮೇತ ಕರೆದೊಯ್ದರು. ಕ್ಯಾಸೆಟ್ಟುಗಳು ನನ್ನಲ್ಲೇ ಉಳಿದವು. ಅವನೂರಿಗೆ ನಾಲ್ಕು ತಾಸಿನ ಬಸ್ ಹಾದಿ. ಕೊಟ್ಟುಬರೋಣ, ಕೊಟ್ಟುಬರೋಣ ಎನ್ನುತ್ತಲೇ ಬಿ.ಎಡ್., ನೌಕರಿ, ಮದುವೆ ಎಲ್ಲ ಆಗಿಹೋದವು. ವಾಟರ್ಸ್ ಮತ್ತವರ ಗೆಳೆಯರನ್ನು ಮಾತ್ರ ವರ್ಷಗಟ್ಟಲೆ ಬೈದುಕೊಂಡೇ ಇದ್ದೆ.

ಹುಲ್ಲಿನ ಮೇಲೆ ಕೂತು ಮೊಬೈಲಿನಲ್ಲಿ ಆ ಹಾಡು ಹಾಕಿದೆ. ನೊಣ ಬರುವ ಮುಂಚೆಯೇ ನಿಲ್ಲಿಸಿಬಿಟ್ಟೆ.

ಆಗಸ್ಟಿನ ಒಂದು ಭಾನುವಾರ ಕ್ಯಾಸೆಟ್ಟಿನ ಡಬ್ಬ ಹಿಡಿದು ಬಸ್ಸು ಹತ್ತಿದೆ. ಬಾಗಿಲು ತೆರೆದ ಅವನ ತಂಗಿ ನನ್ನ ಹೆಸರು ಕೇಳಿ ಗಳಿಗೆ ಸುಮ್ಮನಿದ್ದು, "ಒಳಗೆ ಬನ್ನಿ ಸಾರ್, ಅಣ್ಣ ಹಿತ್ತಲಲ್ಲಿದ್ದಾನೆ" ಎಂದಳು.